ಅವರೆಕಾಯಿ ಸೀಸನ್ನು, ಓಂಕಾಳು, ಮತ್ತೆ ನಮ್ಮ ಹೊಟ್ಟೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯವರು ನಾವು ಸಂಘದಲ್ಲಿ ನಾಲ್ಕು ಜನ ಇದ್ದೀವಿ. ಡಿಸೆಂಬರ್ ಬಂತು ಅಂದ್ರೆ ನಮ್ಮ ಮನೆಗಳಲ್ಲಿ ಮೂರು ಹೊತ್ತೂ ಅವರೆಕಾಳು. ಬೆಳಿಗ್ಗೆ ಉಪ್ಪಿಟ್ಟಿಗೆ, ಮಧ್ಯಾಹ್ನ ಮುದ್ದೆ ಜೊತೆ ಹಿತಕಿದ ಬೇಳೆ ಸಾರು, ಸಂಜೆ ಹುರಿದ ಕಾಳು. ಅದರ ಹಿಂದೆಯೇ ಹೊಟ್ಟೆ ಉಬ್ಬರ, ಆಮೇಲೆ ಅಜ್ಜಿಯ ಓಂಕಾಳಿನ ಡಬ್ಬಿ. ಈ ಮನೆಮದ್ದುಗಳು ಯಾವುದಕ್ಕೆ ಕೆಲಸ ಮಾಡ್ತವೆ, ಯಾವುದಕ್ಕೆ ಮಾಡಲ್ಲ ಅಂತ ಈ ಸಲ ಸ್ವಲ್ಪ ಓದಿ ನೋಡಿದೆವು.

ಮೊದಲು ಗ್ಯಾಸ್. ಅವರೆಯಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅನ್ನೋ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅವು ಹಾಗೇ ದೊಡ್ಡ ಕರುಳಿಗೆ ಹೋಗ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಹಬ್ಬ ಮಾಡ್ತವೆ, ಗಾಳಿ ತುಂಬುತ್ತೆ. ಕಾಳು ನೆನೆಸಿದ ನೀರನ್ನು ಚೆಲ್ಲಿದರೆ ಈ ಸಕ್ಕರೆಗಳು ಸ್ವಲ್ಪ ಅದರ ಜೊತೆಗೇ ಹೋಗ್ತವೆ. ಅಂದ್ರೆ ಬೇಳೆ ಹಿತಕೋಕೆ ಅಂತ ರಾತ್ರಿಯಿಡೀ ನೆನೆಸ್ತಾರಲ್ಲ, ಅರ್ಧ ಔಷಧಿ ಅಲ್ಲೇ ಆಗಿರುತ್ತೆ.

ಓಂಕಾಳಿನ ಆ ಘಾಟು ವಾಸನೆ ಥೈಮಾಲ್ ಅನ್ನೋ ಎಣ್ಣೆಯದು. ಬಿಗಿಯಾದ ಕರುಳಿನ ಸ್ನಾಯುವನ್ನು ಓಂಕಾಳಿನ ಸಾರ ಸಡಿಲ ಮಾಡುತ್ತೆ ಅಂತ ಪ್ರಾಣಿಗಳ ಕರುಳಿನ ಮೇಲೆ ನಡೆದ ಲ್ಯಾಬ್ ಪ್ರಯೋಗಗಳು ತೋರಿಸಿವೆ. ಮನುಷ್ಯರ ಮೇಲೆ ದೊಡ್ಡ ಪರೀಕ್ಷೆಗಳು ಕಡಿಮೆ, ಆದರೆ ಚಿಟಿಕೆ ಓಂಕಾಳು ಉಪ್ಪಿನ ಜೊತೆ ಅಗಿದು ಬಿಸಿನೀರು ಕುಡಿಯೋದರಲ್ಲಿ ದೊಡ್ಡವರಿಗೆ ತೊಂದರೆ ಏನಿಲ್ಲ. ಇಲ್ಲಿ ನಮಗೆ ಬಹಳ ಇಷ್ಟವಾದ ವಿಷಯ ಒಂದಿದೆ. ಕುಂಡದಲ್ಲಿ ಬೆಳೆಯೋ ದೊಡ್ಡಪತ್ರೆಗೆ ಚಿಂತಾಮಣಿ ಕಡೆಯ ತೆಲುಗು ಮನೆಗಳಲ್ಲಿ 'ವಾಮಾಕು' ಅಂತಾರೆ. ವಾಮು ಅಂದ್ರೆ ಓಂಕಾಳು, ಆಕು ಅಂದ್ರೆ ಎಲೆ. ಗಿಡಗಳು ಬೇರೆ ಬೇರೆ ಕುಟುಂಬದವು. ಆದರೂ ದೊಡ್ಡಪತ್ರೆಯ ಎಣ್ಣೆಯಲ್ಲೂ ಥೈಮಾಲ್, ಅದರ ಅಣ್ಣತಮ್ಮನಂಥ ಕಾರ್ವಕ್ರಾಲ್ ಇವೆ. ಲ್ಯಾಬ್ ಇಲ್ಲದೆ ಬರೀ ಮೂಗಿನಿಂದ ಕೆಮಿಸ್ಟ್ರಿ ಮಾಡಿದ್ದಾರೆ!

ಶುಂಠಿ ಹೊಟ್ಟೆ ತೊಳಸೋದಕ್ಕೆ ಒಳ್ಳೆಯದು, ಊಟ ಹೊಟ್ಟೆಯಿಂದ ಮುಂದಕ್ಕೆ ಬೇಗ ಸಾಗೋಕೆ ಸಹಾಯ ಮಾಡುತ್ತೆ. ಎದೆ ಉರಿ ಇರೋರಿಗೆ ಜಾಸ್ತಿಯಾದರೆ ಮಾತ್ರ ಉಲ್ಟಾ ಹೊಡೆಯಬಹುದು.

ಭೇದಿಯ ಕಥೆಯೇ ಬೇರೆ. ಮನೆಗಳಲ್ಲಿ ದಾಳಿಂಬೆ ಸಿಪ್ಪೆ ಕಷಾಯ, ಮಜ್ಜಿಗೆಗೆ ಮೆಂತ್ಯ ಅಂತೆಲ್ಲ ಕೊಡ್ತಾರೆ. ಆದರೆ ಭೇದಿಯಲ್ಲಿ ಪ್ರಾಣ ತೆಗೆಯೋದು ದೇಹದಿಂದ ನೀರು, ಉಪ್ಪು ಹೋಗೋದು. ಎಷ್ಟು ಸಲ ಹೋದರು ಅಂತ ಎಣಿಸೋದಕ್ಕಿಂತ ಎಷ್ಟು ನೀರು ವಾಪಸ್ ಒಳಗೆ ಹೋಯ್ತು ಅಂತ ನೋಡಬೇಕು. ಬರೀ ನೀರು ಕುಡಿದರೆ ಸಾಲದು. ಕರುಳಿನ ಗೋಡೆಯಲ್ಲಿ ಸೋಡಿಯಂ, ಗ್ಲೂಕೋಸ್ ಎರಡನ್ನೂ ಒಟ್ಟಿಗೇ ಒಳಗೆ ಎಳೆಯುವ ಒಂದು ಬಾಗಿಲಿದೆ, ನೀರು ಅವುಗಳ ಹಿಂದೆ ಹೋಗುತ್ತೆ. ಭೇದಿ ಆಗ್ತಿರುವಾಗಲೂ ಈ ಬಾಗಿಲು ಕೆಲಸ ಮಾಡುತ್ತೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿದಾಗ ಡ್ರಿಪ್ ಬಾಟಲಿ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ನೀರನ್ನೇ ಬಾಯಿಂದ ಕುಡಿಸಿದರು. ಶೇಕಡ 30ರ ಆಸುಪಾಸಿದ್ದ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗೆ ಬಂತು.

ಮೆಡಿಕಲ್ ಸ್ಟೋರಿನ ಓಆರ್‌ಎಸ್ ಪುಡಿ ಪ್ಯಾಕೆಟ್ ಇದ್ದರೆ ಅದೇ ಉತ್ತಮ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮತಟ್ಟಾಗಿ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪನ್ನು ಅಂದಾಜಿಗೆ ಹಾಕಬೇಡಿ, ಜಾಸ್ತಿಯಾದರೆ ಮಕ್ಕಳಿಗೆ ಅಪಾಯ. ಉಪ್ಪು ಹಾಕಿದ ಗಂಜಿ, ನೀರು ಮಜ್ಜಿಗೆಯೂ ಇದೇ ದಾರಿಯವು. ಕಷಾಯ ಇದರ ಜೊತೆಗೆ ಬೇಕಾದರೆ ಇರಲಿ, ಇದರ ಬದಲಿಗೆ ಬೇಡ.

ನೀರಿನ ಮಾತು ಬಂತಲ್ಲ. ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಕುದಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ಎರಡು ಲೋಟ ಒಂದು ಲೋಟಕ್ಕೆ ಇಳಿಸಿದ ಕಷಾಯದಲ್ಲಿ ಅದು ಇನ್ನೂ ಗಟ್ಟಿಯಾಗುತ್ತೆ. ಕಷಾಯಕ್ಕೂ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರೇ ಹಾಕಿ.

ಒಂದು ವಿಷಯದಲ್ಲಿ ನಾವು ಅಜ್ಜಿಯರ ಜೊತೆ ಜಗಳಕ್ಕೆ ನಿಂತಿದ್ದೀವಿ: ಹಸುಗೂಸಿಗೆ ಬಜೆ ತೇಯ್ದು ನೆಕ್ಕಿಸೋದು. ಬಜೆಯಲ್ಲಿರುವ ಬೀಟಾ-ಅಸರೋನ್ ಇಲಿಗಳಲ್ಲಿ ಗಡ್ಡೆ ಉಂಟುಮಾಡಿದ್ದರಿಂದ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ನಿಷೇಧಿಸಿತು. ಆರು ತಿಂಗಳ ಒಳಗಿನ ಮಗುವಿಗೆ ಹೊಟ್ಟೆ ಕೆಟ್ಟರೆ ಎದೆಹಾಲು ನಿಲ್ಲಿಸದೆ ಡಾಕ್ಟರ್ ಹತ್ತಿರ ಹೋಗಬೇಕು.

ಮಲದಲ್ಲಿ ರಕ್ತ, ಜ್ವರ, ಕುಡಿದಿದ್ದೆಲ್ಲ ವಾಂತಿ, ಆರೆಂಟು ಗಂಟೆ ಮೂತ್ರವೇ ಇಲ್ಲ, ಹೊಕ್ಕಳ ಸುತ್ತ ಶುರುವಾಗಿ ಬಲಗಡೆ ಕೆಳಗೆ ಇಳಿದ ನೋವು: ಇವಕ್ಕೆ ಡಬ್ಬಿ ತೆಗೆಯಲೇಬೇಡಿ. ನಡುವಯಸ್ಸಿನವರು 'ಗ್ಯಾಸ್ ಕಣಪ್ಪಾ' ಅಂತ ಎದೆ ಹಿಡ್ಕೊಂಡು ಬೆವರುತ್ತಿದ್ದರೆ, ಓಂಕಾಳು ಅಗಿದು ಮಲಗೋಕೆ ಬಿಡದೆ 108ಕ್ಕೆ ಫೋನ್ ಮಾಡಿ.