ಶಾರ್ಟ್‌ಕಟ್ ಯಾಕೆ ಬೇಡ?

1,890 ಮೀಟರ್‌ಗಿಂತ ಎತ್ತರದ ಕುದುರೆಮುಖದಿಂದ ಇಳಿಯುವಾಗ ನಾವು ಸುತ್ತು ದಾರಿ ಬಿಟ್ಟು ಹುಲ್ಲಿನ ಮೇಲೆ ನೇರ ಇಳಿಯೋಕೆ ಹೊರಟ್ವಿ. "ನೀವು ಇಳಿದ ಕಡೆ ಮಳೇನೂ ಇಳಿಯತ್ತೆ, ವಾಪಸ್ ಬನ್ನಿ" ಅಂತ ಗೈಡ್ ಅಣ್ಣ ಗದರಿದ್ರು.

ಅವರು ಹೇಳಿದ್ದು ಇಷ್ಟೇ: ಹುಲ್ಲಿನ ಬೇರು ಮಣ್ಣನ್ನು ಹಿಡಿದಿಟ್ಟು, ಮಳೆನೀರನ್ನು ನಿಧಾನವಾಗಿ ಇಂಗಿಸುತ್ತದೆ. ನಮ್ಮ ಶೂ ತುಳಿದು ತುಳಿದು ಹುಲ್ಲು ಸತ್ತರೆ ಮಣ್ಣು ಗಟ್ಟಿಯಾಗಿ ನೀರು ಇಂಗೋದೇ ಇಲ್ಲ. ನೇರ ಇಳಿಜಾರಲ್ಲಿ ನೀರಿನ ವೇಗ ಜಾಸ್ತಿ. ನಾಲ್ಕು ಮಳೆಗಾಲದಲ್ಲಿ ಕಾಲ್ದಾರಿ ಕೊರಕಲಾಗುತ್ತದೆ. ಸುತ್ತು ದಾರಿ ಇರೋದು ಆ ವೇಗ ತಗ್ಗಿಸೋಕೆ.

ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋದು ಇದೇ ಬೆಟ್ಟಸಾಲಲ್ಲಿ. ನಾವು ಉಳಿಸೋಕೆ ಹೊರಟಿದ್ದು ಬರೀ 10 ನಿಮಿಷ. ತೆಪ್ಪಗೆ ಮತ್ತೆ ಮೇಲೆ ಹತ್ತಿ, ದಾರಿ ಹಿಡಿದ್ವಿ.