ಸಂಕೋಚ: ಒಂದು ನುಡಿಯ ಒಳಗು

ಬಿಳಗಿ, ಸಿದ್ದಾಪುರ, ಶಿರಸಿ ಸೀಮೆಯ ಮನೆಗಳಲ್ಲಿ ಊಟಕ್ಕೆ ಕುಳಿತ ಅತಿಥಿಗೆ 'ಸಂಕೋಚ ಮಾಡಿಕೊಳ್ಳಬೇಡಿ' ಎಂಬ ಉಪಚಾರದ ಮಾತು ತಪ್ಪದು. ದಿನವೂ ಆಡುವ ಈ ನುಡಿಯ ಅರ್ಥವನ್ನು ನಾವು ವಿಚಾರಿಸುವುದು ಅಪರೂಪ.

'ಸಂಕೋಚ' ಸಂಸ್ಕೃತದಿಂದ ಬಂದ ಪದ. ಮುದುಡುವುದು, ಕುಗ್ಗುವುದು ಎಂಬುದು ಅದರ ಮೂಲಾರ್ಥ. ಬೆರಳು ತಾಗಿದೊಡನೆ ಎಲೆ ಮಡಚಿಕೊಳ್ಳುವ ನಾಚಿಕೆಮುಳ್ಳನ್ನು ಮಲೆನಾಡಿನ ಹಾದಿಬದಿಯಲ್ಲಿ ಕಾಣದವರಿಲ್ಲ. ಸಂಕೋಚಕ್ಕೆ ಅದೇ ನಿದರ್ಶನ. ವೀರಶೈವ ದರ್ಶನದಲ್ಲಿಯೂ ಈ ಪದಕ್ಕೆ ಹಿರಿದಾದ ಸ್ಥಾನವುಂಟು. ಶಿವನ ಶಕ್ತಿಯು ವಿಕಾಸಗೊಂಡಾಗ ಜಗತ್ತು ತೋರುತ್ತದೆ, ಸಂಕೋಚಗೊಂಡಾಗ ಅವನಲ್ಲಿಯೇ ಅಡಗುತ್ತದೆ ಎಂಬುದು ಶಕ್ತಿವಿಶಿಷ್ಟಾದ್ವೈತದ ನಿಲುವು. ಆದುದರಿಂದ ಸಂಕೋಚವು ತನ್ನಷ್ಟಕ್ಕೆ ದೋಷವಲ್ಲ. ಮುದುಡಿದುದು ಮತ್ತೆ ಅರಳಬೇಕು, ಅಷ್ಟೆ.

ಈ ನುಡಿಗೆ ನೆರೆಹೊರೆಯ ನುಡಿಗಳು ಹಲವು. ಮುಂದಿಡಬೇಕಾದ ಹೆಜ್ಜೆಯನ್ನು ಹಿಂದಕ್ಕೆ ಸರಿಸುವುದು ಹಿಂಜರಿಕೆ. ಅಂಜಿಕೆಯಿಂದ ಒಳಗೊಳಗೇ ನಡುಗುವುದು ಅಳುಕು. ಎದುರಿಗಿರುವವರ ಮನಸ್ಸು ನೋಯದಿರಲೆಂದು ತನ್ನ ಮಾತನ್ನು ತಡೆಹಿಡಿಯುವುದು ದಾಕ್ಷಿಣ್ಯ. ಒಳಗಿನ ಭಾವ ಬೇರೆಬೇರೆಯಾದರೂ ಹೊರಗೆ ಕಾಣುವುದು ಒಂದೇ, ಅದು ಮೌನ.

ಈ ಭೇದವನ್ನರಿಯದೆ ಆಗುವ ಹಾನಿ ಸಣ್ಣದಲ್ಲ. ಮನೆಯಲ್ಲಿ ಸಂಬಂಧದ ಮಾತು ನಡೆಯುತ್ತದೆ. 'ಏನಮ್ಮಾ, ಒಪ್ಪಿಗೆಯೇ?' ಎಂದು ಹಿರಿಯರು ಎಲ್ಲರ ಎದುರಿನಲ್ಲಿ ಕೇಳುತ್ತಾರೆ. ಮಗಳು ತಲೆ ತಗ್ಗಿಸುತ್ತಾಳೆ. 'ಹುಡುಗಿಗೆ ಸಂಕೋಚ' ಎಂದು ನಕ್ಕು ವೀಳ್ಯ ಬದಲಿಸಿಬಿಡುತ್ತೇವೆ. ಅವಳದು ಅಳುಕಾಗಿದ್ದರೆ? ತಂದೆಯ ಮೇಲಿನ ದಾಕ್ಷಿಣ್ಯವಾಗಿದ್ದರೆ? ತಪ್ಪು ಪದದಿಂದ ಕರೆದ ಆ ಒಂದು ಗಳಿಗೆಯ ಮೌನವನ್ನು ಅವಳು ಬಾಳೆಲ್ಲ ಹೊರಬೇಕಾಗುತ್ತದೆ.

ಶರಣರ ಮನೆಗಳಲ್ಲಿ ಹೀಗಿರಲಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಮಡದಿ ಲಕ್ಕಮ್ಮ. ಅವಳು ಹಿಂಜರಿಯಲಿಲ್ಲ, ಅವನೂ ಮುನಿಯಲಿಲ್ಲ. ಕೇಳುವ ಕಿವಿಯಿದ್ದೆಡೆ ನುಡಿಯುವ ನಾಲಗೆ ತಾನಾಗಿ ಅರಳುತ್ತದೆ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಡ.

ಆದುದರಿಂದ ಮನೆಯ ಹಿರಿಯರಲ್ಲಿ ನಮ್ಮ ಅರಿಕೆಯಿಷ್ಟೆ. ಮಗಳನ್ನು ಏಕಾಂತದಲ್ಲಿ ಇನ್ನೊಮ್ಮೆ ಕೇಳಿ. ಯೋಚಿಸಲು ನಾಲ್ಕು ದಿನ ಬಿಡಿ. 'ಬೇಡ' ಎಂದರೆ ಆ ಮಾತಿಗೂ ಮರ್ಯಾದೆ ಕೊಡಿ. ಅತಿಥಿಗೆ ನಿತ್ಯ ಹೇಳುವ 'ಸಂಕೋಚ ಬೇಡ' ಎಂಬ ಮಾತು ಮೊದಲು ಸಲ್ಲಬೇಕಾದುದು ಮನೆಮಗಳಿಗೆ.