ಕಡಲಿಲ್ಲದ ಕಣಿವೆಗೆ ಕಡಲ ಗಾಳಿಯೇ ಪಂಚಾಂಗ
* ಬೇಸಿಗೆ ಮುಗಿಯುವ ಹೊತ್ತು: ಕಂಬಂ ರೈತರ ಕಣ್ಣು ಗಡಿಯಾಚೆಯ ಮಳೆ ಮೇಲೆ

ಕಂಬಂ (ತೇನಿ ಜಿಲ್ಲೆ): ಇಲ್ಲಿಂದ ಸಮುದ್ರ ಕಾಣುವುದಿಲ್ಲ. ಮಧ್ಯೆ ಕೇರಳದ ಇಡುಕ್ಕಿಯ ಬೆಟ್ಟಸಾಲು ಅಡ್ಡ ನಿಂತಿದೆ. ಆದರೂ ಮೇ ಕೊನೆಯ ವಾರ ಬಂತೆಂದರೆ ಕಂಬಂ ಕಣಿವೆಯ ರೈತರಿಗೆ ಅರಬ್ಬಿ ಕಡಲಿನದ್ದೇ ಚಿಂತೆ. ಪಡುವಣ ಗಾಳಿ ಎದ್ದಿತಾ, ಕುಮಳಿಯಲ್ಲಿ ಮಳೆ ಹಿಡೀತಾ, ಅಣೆಕಟ್ಟಿನಲ್ಲಿ ಎಷ್ಟು ಅಡಿ ನೀರಿದೆ? ಗೂಡಲೂರಿನಿಂದ ಚಿನ್ನಮನೂರಿನವರೆಗೆ ಚಹಾ ಅಂಗಡಿಗಳಲ್ಲಿ ಇದೇ ಮಾತು.

ಕಾರಣ ಸರಳ. ಕಣಿವೆ ಇರುವುದು ಪಶ್ಚಿಮಘಟ್ಟದ ಮಳೆ ನೆರಳಿನಲ್ಲಿ. ನೈರುತ್ಯ ಮುಂಗಾರಿನ ಮೋಡ ತೇಕ್ಕಡಿ, ಕುಮಳಿ ಕಡೆ ಸುರಿದು ಹಗುರಾಗುತ್ತದೆ. ಘಟ್ಟ ಇಳಿದು ಈಚೆ ಬರುವುದು ಹೆಚ್ಚಾಗಿ ಗಾಳಿ, ಜೊತೆಗೊಂದಿಷ್ಟು ತುಂತುರು. ಕಣಿವೆಗೆ ಸ್ವಂತದ ದೊಡ್ಡ ಮಳೆ ಬೇಕೆಂದರೆ ಅಕ್ಟೋಬರ್‌ನ ಈಶಾನ್ಯ ಮಾರುತದ ತನಕ ಕಾಯಬೇಕು.

ಬಾಳೆಗೆ ಕಂಟಕ

ಈ ಗಾಳಿಯಲ್ಲಿ ಎರಡು ಬಗೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನೊಂದಿಗೆ ನುಗ್ಗುವ ಬಿರುಗಾಳಿ ಒಂದು. ಗೊನೆ ಬಿಟ್ಟು ತಲೆಭಾರವಾದ ಬಾಳೆ ಅರ್ಧ ಗಂಟೆಯಲ್ಲಿ ನೆಲ ಕಚ್ಚುತ್ತದೆ. ಊರುಗೋಲು ಕೊಟ್ಟರೂ ಎಲ್ಲವೂ ಉಳಿಯುವುದಿಲ್ಲ. ಬೆಳೆ ವಿಮೆಯಲ್ಲಿ ನಷ್ಟದ ಲೆಕ್ಕ ಮುಖ್ಯವಾಗಿ ಇಡೀ ಪ್ರದೇಶದ ಇಳುವರಿ ಮೇಲೆ. ಒಬ್ಬನ ತೋಟ ಮಾತ್ರ ಮಲಗಿದರೆ ಆ ಲೆಕ್ಕಕ್ಕೆ ಸಿಗುವುದು ಕಷ್ಟ. ಚಪ್ಪರದ ದ್ರಾಕ್ಷಿಗೂ ಈ ಹೊತ್ತಿನ ಮಳೆ ಆಗಿಬರದು. ಮಾಗಿದ ಹಣ್ಣು ಒಡೆಯುತ್ತದೆ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಂಬಂ ಪನ್ನೀರ್ ದ್ರಾಕ್ಷಿ ಇದೇ ಕಣಿವೆಯದ್ದು.

ಇನ್ನೊಂದು ಮುಂಗಾರಿನ ಗಾಳಿ. ಜೂನ್‌ನಿಂದ ಎಡೆಬಿಡದೆ ಬೀಸುತ್ತದೆ. ಆಂಡಿಪಟ್ಟಿ ಕಡೆಯ ಗಾಳಿಯಂತ್ರಗಳಿಗೆ ಇದು ಸುಗ್ಗಿ. ರೈತರಿಗೋ ಇದು ಶುಭ ಸುದ್ದಿ. ಇಲ್ಲಿ ಗಾಳಿ ಜೋರಾದರೆ ಘಟ್ಟದ ಮೇಲೆ ಮಳೆ ಇದೆ ಎಂದೇ ಅರ್ಥ.

ಜೂನ್ 1ರ ಲೆಕ್ಕ

ಘಟ್ಟದ ಮೇಲಿನ ಆ ಮಳೆ ಸೇರುವುದು ಮುಲ್ಲಪೆರಿಯಾರ್ ಅಣೆಕಟ್ಟಿಗೆ. 1895ರಲ್ಲಿ ಪೂರ್ಣಗೊಂಡ ಅಣೆಕಟ್ಟು ಇರುವುದು ಕೇರಳದಲ್ಲಿ, ನಿರ್ವಹಣೆ ತಮಿಳುನಾಡಿನದ್ದು. ಪಶ್ಚಿಮಕ್ಕೆ ಹರಿಯಬೇಕಿದ್ದ ನೀರನ್ನು ಬೆಟ್ಟ ಕೊರೆದ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಲಾಗಿದೆ. ಪೂರ್ಣ ಮಟ್ಟ 152 ಅಡಿ. ಸುಪ್ರೀಂ ಕೋರ್ಟ್ 2014ರಲ್ಲಿ 142 ಅಡಿವರೆಗೆ ನಿಲ್ಲಿಸಲು ಅವಕಾಶ ಕೊಟ್ಟಿತು. 104 ಅಡಿಗಿಂತ ಕೆಳಗಿನ ನೀರು ಈ ಕಡೆ ಬರುವುದಿಲ್ಲ. ಅಂದರೆ ರೈತರ ಬದುಕು ನಡೆಯುವುದು ನಡುವಿನ ಆ 38 ಅಡಿಯಲ್ಲಿ.

ಮೊದಲ ಭತ್ತದ ಬೆಳೆಗೆ ಜೂನ್ 1ರಂದು ನೀರು ಬಿಡುವುದು ವಾಡಿಕೆ. ಉತ್ತಮಪಾಳ್ಯಂ ತಾಲೂಕಿನ 11,807, ತೇನಿಯ 2,412 ಮತ್ತು ಬೋಡಿಯ 488, ಒಟ್ಟು 14,707 ಎಕರೆ ಇದನ್ನೇ ನಂಬಿದೆ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನವೂ ಜೂನ್ 1! ಆದರೆ ಆ ದಿನ ತೂಬು ತೆರೆಯಬೇಕಾದರೆ ಹಿಂದಿನ ವರ್ಷದ ನೀರು ಉಳಿದಿರಬೇಕು, ಬೇಸಿಗೆ ಮಳೆಯೂ ಒಂದಿಷ್ಟು ಕೈಹಿಡಿದಿರಬೇಕು. ಇಲ್ಲದಿದ್ದರೆ ಕಾಯುವುದೇ ಗತಿ. 2020ರಲ್ಲಿ ಆಗಸ್ಟ್‌ವರೆಗೆ ಕಾಯಬೇಕಾಯಿತು. 2021ರಲ್ಲಿ ಜೂನ್ 1ಕ್ಕೇ ನೀರು ಬಂತು.

ಮುಂಗಾರೂ ಹೇಳಿದ ದಿನ ಬರುವುದಿಲ್ಲ. 2023ರಲ್ಲಿ ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೇ ಕೇರಳ ಮುಟ್ಟಿತು. ಎರಡೇ ವರ್ಷದ ಅಂತರದಲ್ಲಿ 15 ದಿನಗಳ ವ್ಯತ್ಯಾಸ. ಸಸಿಮಡಿ ಹಾಕಿದವರಿಗೆ 15 ದಿನ ಸಣ್ಣ ಮಾತಲ್ಲ. ನೀರು ತಡವಾದರೆ ಪೈರು ಮಡಿಯಲ್ಲೇ ಬಲಿಯುತ್ತದೆ, ಎರಡನೇ ಬೆಳೆಯೂ ಹಿಂದೆ ಬೀಳುತ್ತದೆ.

ದಿಂಡಿಗಲ್‌ಗೂ ಇದೇ ನೀರು

ಕಣಿವೆ ದಾಟಿದ ನೀರು ವೈಗೈ ಅಣೆಕಟ್ಟು ಸೇರುತ್ತದೆ. 1959ರಲ್ಲಿ ಉದ್ಘಾಟನೆಯಾದ ಈ ಅಣೆಕಟ್ಟಿನ ಪೂರ್ಣ ಮಟ್ಟ 71 ಅಡಿ. ಇದರ ಕೆಳಗಿನ 45,041 ಎಕರೆ ಎರಡು ಬೆಳೆ ಪ್ರದೇಶದಲ್ಲಿ ದಿಂಡಿಗಲ್ ಜಿಲ್ಲೆಯ ನೀಲಕೋಟೆ ತಾಲೂಕಿನ 1,797 ಎಕರೆಯೂ ಸೇರಿದೆ. ಉಳಿದದ್ದು ಮದುರೆ ಕಡೆಯದ್ದು. ತೇಕ್ಕಡಿ ಕಾಡಿನ ಒಂದು ಮಳೆಗೆ ಇಷ್ಟು ಊರುಗಳ ಋಣ.

ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಕಪ್ಪಿಲಿಯರ್ ಒಕ್ಕಲಿಗರೂ ಅನುಪ್ಪರೂ ಇದ್ದಾರೆ. ತಲೆಮಾರುಗಳ ಹಿಂದೆ ಕನ್ನಡನಾಡಿನಿಂದ ಬಂದ ಬೇಸಾಯಗಾರರು. ಓದು ಬರಹವೆಲ್ಲ ತಮಿಳಿನಲ್ಲಿ. ನೀರಿನ ಚಿಂತೆಗೆ ಮಾತ್ರ ಭಾಷೆಯ ಗಡಿ ಇಲ್ಲ. ಕಾವೇರಿ ಬಯಲಿನ ರೈತ ಕೊಡಗಿನ ಮಳೆ ವಿಚಾರಿಸುವ ಹಾಗೆಯೇ ಇವರು ಕುಮಳಿಯ ಮಳೆ ವಿಚಾರಿಸುತ್ತಾರೆ.

ಮಳೆಯ ದಿನ ಯಾರ ಕೈಯಲ್ಲೂ ಇಲ್ಲ, ನಿಜ. ಆದರೆ ಅಣೆಕಟ್ಟಿನ ಮಟ್ಟ ನೋಡಿ, ನೀರು ಬಿಡುವ ದಿನವನ್ನು ಹದಿನೈದು ದಿನ ಮೊದಲೇ ಹೇಳಿದರೆ ಬೀಜ ನೆನೆಹಾಕುವವರಿಗೆ ಅನುಕೂಲ. ಗಾಳಿ ತನ್ನ ಸುದ್ದಿಯನ್ನು ಮೊದಲೇ ತಲುಪಿಸುತ್ತದೆ. ತೂಬಿನ ಸುದ್ದಿಯೂ ಹಾಗೇ ತಲುಪಬೇಕು, ಅಷ್ಟೆ.